ಟೈಟನ್ ಸೋರಲಿಲ್ಲ, ಒಂದೇ ಏಟಿಗೆ ಕುಸಿಯಿತು. ಯಾಕೆ?

2023ರ ಜೂನ್ 18ರ ಬೆಳಿಗ್ಗೆ, ಉತ್ತರ ಅಟ್ಲಾಂಟಿಕ್‌ನಲ್ಲಿ ನಿಂತಿದ್ದ ಪೋಲಾರ್ ಪ್ರಿನ್ಸ್ ಹಡಗಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವರಿಗೆ ಬಾಗಿಲು ಧಡ್ ಅಂತ ಹಾಕಿಕೊಂಡಂಥ ಸದ್ದು ಕೇಳಿತು. "ಏನದು ಸದ್ದು?" ಎಂದು ಕೇಳಿದವರು ಓಶನ್‌ಗೇಟ್ ಎಂಬ ಕಂಪನಿಯ ಮುಖ್ಯಸ್ಥ ಸ್ಟಾಕ್‌ಟನ್ ರಶ್ ಅವರ ಪತ್ನಿ. ಆ ಹೊತ್ತಿಗೆ ರಶ್ ಮತ್ತು ಇನ್ನೂ ನಾಲ್ವರು ಆ ಕಂಪನಿಯ ಟೈಟನ್ ಎಂಬ ಪುಟ್ಟ ಸಬ್‌ಮರ್ಸಿಬಲ್‌ನಲ್ಲಿ, ಅಂದರೆ ಆಳ ಸಮುದ್ರಕ್ಕೆ ಇಳಿಯುವ ವಾಹನದಲ್ಲಿ, ಟೈಟಾನಿಕ್ ಅವಶೇಷ ನೋಡಲು ಇಳಿಯುತ್ತಿದ್ದರು. ಸದ್ದು ಕೇಳಿದ ಸ್ವಲ್ಪ ಹೊತ್ತಿಗೇ ಟೈಟನ್‌ನಿಂದ ಸಂದೇಶವೂ ಬಂತು, ಇಳಿಯುವ ವೇಗ ತಗ್ಗಿಸಲು ಎರಡು ತೂಕ ಕೆಳಗೆ ಬಿಟ್ಟಿದ್ದೇವೆ ಅಂತ. ಹಾಗಾದರೆ ಎಲ್ಲ ಸರಿಯಾಗೇ ಇದೆ ಅಂದುಕೊಂಡರು. ಆದರೆ ಆ ಸಂದೇಶ ಹೊರಟಿದ್ದು ಕುಸಿಯುವುದಕ್ಕೆ ಕೆಲವೇ ಸೆಕೆಂಡು ಮೊದಲು. ಸದ್ದು ಮೂರು ಕಿಲೋಮೀಟರಿಗೂ ಹೆಚ್ಚು ನೀರನ್ನು ಎರಡು ಸೆಕೆಂಡಿನಲ್ಲಿ ದಾಟಿ ಬಂದುಬಿಟ್ಟಿತು, ಸಂದೇಶ ಪರದೆ ಮೇಲೆ ಮೂಡಲು ತುಸು ತಡವಾಯಿತು. ಓದುವ ಹೊತ್ತಿಗೆ ಕಳಿಸಿದವರು ಇರಲಿಲ್ಲ.

ಇದು ಗೊತ್ತಾಗದೆ ಜಗತ್ತು ನಾಲ್ಕು ದಿನ ಲೆಕ್ಕ ಹಾಕಿತು. ಒಳಗೆ 96 ಗಂಟೆಗೆ ಸಾಕಾಗುವಷ್ಟು ಆಮ್ಲಜನಕ ಇದೆ, ಇನ್ನು ಇಷ್ಟು ಗಂಟೆ ಉಳಿದಿದೆ ಅಂತ ಟಿವಿಯಲ್ಲಿ ಗಡಿಯಾರ ಓಡುತ್ತಿತ್ತು. ಜೂನ್ 22ಕ್ಕೆ ರೋಬೋ ವಾಹನವೊಂದು ಟೈಟಾನಿಕ್‌ನ ಮೂತಿಯಿಂದ ಸುಮಾರು 500 ಮೀಟರ್ ದೂರದಲ್ಲಿ ಚೂರುಗಳನ್ನು ಕಂಡಿತು. ಅವತ್ತಿನಿಂದ ಇವತ್ತಿನವರೆಗೂ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಬಿರುಕು ಬಿಟ್ಟಾಗ ನೀರು ಒಳಗೆ ಬರಬೇಕಿತ್ತಲ್ವಾ? ಮೇಲೆ ಬರಲು ಐದು ನಿಮಿಷವೂ ಸಿಗಲಿಲ್ಲವಾ? ಅದೇ ಆಳದಲ್ಲಿ ಮೀನು ಆರಾಮಾಗಿ ಓಡಾಡುತ್ತದೆ, ಅದಕ್ಯಾಕೆ ಏನೂ ಆಗಲ್ಲ?

ಮೀನಿನಿಂದಲೇ ಶುರು ಮಾಡೋಣ, ಉಳಿದದ್ದು ಅದರ ಹಿಂದೆಯೇ ಬರುತ್ತದೆ.

ನಾವು ನೆಲದ ಮೇಲೆ ಸುಮ್ನೆ ನಿಂತಿದ್ದಾಗಲೂ ಮೇಲಿನ ಗಾಳಿಯೆಲ್ಲ ನಮ್ಮನ್ನು ಒತ್ತುತ್ತಿರುತ್ತದೆ. ಒಂದು ಚದರ ಸೆಂಟಿಮೀಟರಿಗೆ, ಅಂದರೆ ಹೆಚ್ಚುಕಡಿಮೆ ಒಂದು ಉಗುರಿನಷ್ಟು ಜಾಗಕ್ಕೆ, ಸುಮಾರು ಒಂದು ಕಿಲೋ ತೂಕ. ಇದನ್ನು ಒಂದು ವಾತಾವರಣ ಅನ್ನುತ್ತಾರೆ. ನೀರಿಗೆ ಇಳಿದರೆ ಪ್ರತಿ 10 ಮೀಟರಿಗೆ ಇನ್ನೊಂದು ವಾತಾವರಣ ಸೇರುತ್ತಾ ಹೋಗುತ್ತದೆ. ಟೈಟನ್ ಕುಸಿದದ್ದು ಸುಮಾರು 3,300 ಮೀಟರ್ ಆಳದಲ್ಲಿ. ಅಲ್ಲಿ ಒಂದು ಉಗುರಿನಷ್ಟು ಜಾಗದ ಮೇಲೆ 340 ಕಿಲೋ. ಒಂದು ಅಂಗೈ ಅಗಲಕ್ಕೆ 34 ಟನ್. ಇದು ಮೇಲಿಂದ ಕೆಳಕ್ಕೆ ಮಾತ್ರ ಒತ್ತುವ ತೂಕವೂ ಅಲ್ಲ, ಎಲ್ಲಾ ಕಡೆಯಿಂದ, ಕೆಳಗಿನಿಂದಲೂ ಒಂದೇ ಸಮ ಒತ್ತುತ್ತದೆ.

ಆದರೆ ನೀರು ಒತ್ತಿದರೆ ಕುಗ್ಗುವ ವಸ್ತುವಲ್ಲ. ಅಷ್ಟು ಆಳದಲ್ಲೂ ಅದರ ಗಾತ್ರ ಕಡಿಮೆಯಾಗುವುದು ನೂರಕ್ಕೆ ಒಂದೆರಡು ಪಾಲು ಅಷ್ಟೇ. ಆಳದ ಮೀನಿನ ಮೈ ತುಂಬಾ ನೀರೇ. ಹೊರಗೆ ಎಷ್ಟು ಒತ್ತಡವೋ ಒಳಗೂ ಅಷ್ಟೇ, ಹಾಗಾಗಿ ಅದನ್ನು ಹಿಂಡಲು ಏನೂ ಇಲ್ಲ. ತೊಂದರೆ ಕೊಡುವುದು ಗಾಳಿ. ನಾವು ಉಸಿರಾಡಬೇಕು, ಅದೂ ನೆಲದ ಮೇಲಿನ ಒತ್ತಡದ ಗಾಳಿಯನ್ನೇ. ಅದಕ್ಕೆ ಒಂದು ವಾತಾವರಣದ ಗಾಳಿ ತುಂಬಿದ ಗೂಡೊಂದನ್ನು, 340 ವಾತಾವರಣದ ನೀರಿನ ನಡುವೆ ಕೊಂಡೊಯ್ಯುತ್ತೇವೆ. ಅಪಾಯ ಇರುವುದು ಈ ವ್ಯತ್ಯಾಸದಲ್ಲಿ. ಆಳದ ವಾಹನದ ಇಡೀ ವಿನ್ಯಾಸ ನಿಂತಿರುವುದು ಇದೊಂದನ್ನು ತಡೆಯಲು. ಇಂಜಿನಿಯರುಗಳು ಆ ಗೂಡನ್ನು ಪ್ರೆಶರ್ ಹಲ್ ಅನ್ನುತ್ತಾರೆ.

ಇಲ್ಲಿ ಅಡುಗೆಮನೆಯ ಕುಕ್ಕರ್ ನೆನಪಿಸಿಕೊಂಡರೆ ಒಂದು ಮುಖ್ಯ ವಿಷಯ ಸುಲಭವಾಗಿ ತಿಳಿಯುತ್ತದೆ. ಕುಕ್ಕರಿನಲ್ಲಿ ಒತ್ತಡ ಇರುವುದು ಒಳಗೆ, ಅದು ಗೋಡೆಯನ್ನು ಹೊರಕ್ಕೆ ಹಿಗ್ಗಿಸುತ್ತದೆ. ಗ್ಯಾಸ್ಕೆಟ್ ಸವೆದರೆ ಬುಸ್ ಅಂತ ಆವಿ ಹೋಗುತ್ತದೆ, ಒತ್ತಡ ಇಳಿಯುತ್ತದೆ, ನಮಗೂ ಗೊತ್ತಾಗುತ್ತದೆ. ಗೋಡೆ ಎಲ್ಲೋ ಸ್ವಲ್ಪ ಸೊಟ್ಟ ಇದ್ದರೂ ಒಳಗಿನ ಒತ್ತಡ ಅದನ್ನು ದುಂಡಗೆ ಮಾಡಲು ನೋಡುತ್ತದೆ. ಸಬ್‌ಮರ್ಸಿಬಲ್‌ನಲ್ಲಿ ಎಲ್ಲವೂ ಉಲ್ಟಾ. ಹೊರಗಿನ ಒತ್ತಡ ಗೋಡೆಯನ್ನು ಒಳಕ್ಕೆ ಅಮುಕುತ್ತದೆ. ಎಲ್ಲಾದರೂ ಒಂಚೂರು ತಗ್ಗಿದ್ದರೆ, ಪದರವೊಂದು ಬಿಟ್ಟುಕೊಂಡಿದ್ದರೆ, ಆ ಜಾಗ ಇನ್ನಷ್ಟು ಒಳಕ್ಕೆ ಬಾಗುತ್ತದೆ. ಬಾಗಿದಷ್ಟೂ ಅದರ ಶಕ್ತಿ ಕಡಿಮೆ, ಶಕ್ತಿ ಕಡಿಮೆಯಾದಷ್ಟೂ ಬಾಗುವುದು ಜಾಸ್ತಿ. ಹೊರಗೆ ಒತ್ತುತ್ತಿರುವುದು ಇಡೀ ಸಮುದ್ರ. ಸ್ವಲ್ಪ ನೀರು ಒಳಗೆ ಬಂದಿತೆಂದು ಅದರ ಒತ್ತಡ ಇಳಿಯುವುದಿಲ್ಲ. ಹಾಗಾಗಿ ಒಂದು ಮಿತಿ ದಾಟಿದ ಮೇಲೆ ಗೋಡೆ ಸೋರುತ್ತಾ ಕೂರುವುದಿಲ್ಲ, ಪೂರ್ತಿಯಾಗಿ ಒಳಕ್ಕೆ ಕುಸಿಯುತ್ತದೆ.

ಎಷ್ಟು ಬೇಗ? ಲೆಕ್ಕ ದೊಡ್ಡದೇನಲ್ಲ. 3,300 ಮೀಟರ್ ಆಳದ ಒತ್ತಡ ನೀರನ್ನು ಖಾಲಿ ಜಾಗಕ್ಕೆ ತಳ್ಳಿದರೆ ಅದು ಸೆಕೆಂಡಿಗೆ ಸುಮಾರು 250 ಮೀಟರ್ ವೇಗದಲ್ಲಿ ನುಗ್ಗಬಲ್ಲದು. ಅಂದರೆ ಗಂಟೆಗೆ 900 ಕಿಲೋಮೀಟರ್, ವಿಮಾನದ ವೇಗ. ಟೈಟನ್‌ನ ಒಳಗೆ ಗೋಡೆಯಿಂದ ಮಧ್ಯಕ್ಕೆ ಇದ್ದ ದೂರ ಸುಮಾರು 70 ಸೆಂಟಿಮೀಟರ್. ಗೋಡೆಯ ಚೂರುಗಳು ಸ್ವಲ್ಪ ತಡೆದವು ಅಂತಲೇ ಇಟ್ಟುಕೊಂಡರೂ ಕೆಲವು ಮಿಲಿಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ. ಒಂದು ಮಿಲಿಸೆಕೆಂಡು ಅಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ಒಳಗಿದ್ದ ಗಾಳಿ ಅಷ್ಟೇ ಹೊತ್ತಿನಲ್ಲಿ ಅರವತ್ತರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಹಾಗೆ ದಿಢೀರನೆ ಕುಗ್ಗಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿಯಾಗುವುದಕ್ಕೂ ಇದೇ ಕಾರಣ. ಇಲ್ಲಿ ಮಾತ್ರ ಸೂತ್ರದ ಪ್ರಕಾರ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಹೋಗುತ್ತದೆ, ಅದೂ ಕ್ಷಣದ ಒಂದು ತುಣುಕು ಮಾತ್ರ, ಮರುಕ್ಷಣ ಮಂಜುಗಡ್ಡೆಗೆ ಸಮೀಪದ ತಣ್ಣನೆ ನೀರು ಅದನ್ನು ಆರಿಸಿಬಿಡುತ್ತದೆ.

ಅವರಿಗೆ ನೋವಾಯಿತಾ ಅಂತ ಕೇಳಲು ಎಲ್ಲರಿಗೂ ಸಂಕೋಚ, ಆದರೆ ಎಲ್ಲರ ಮನಸ್ಸಲ್ಲೂ ಇರುವ ಪ್ರಶ್ನೆ ಅದೇ. ಮೈಗೆ ಏನೋ ತಾಗಿತು ಅಂತ ಮಿದುಳಿಗೆ ತಿಳಿಯಲು ನೂರು ಮಿಲಿಸೆಕೆಂಡಿನ ಆಸುಪಾಸು ಬೇಕು. ಕುಸಿತ ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿತ್ತು. ಕಾಣಲಿಲ್ಲ, ಕೇಳಲಿಲ್ಲ, ಗೊತ್ತಾಗಲಿಲ್ಲ. ಆ ಐವರಲ್ಲಿ ತಂದೆ ಶಹಜಾದಾ ದಾವೂದ್ ಜೊತೆ ಹೋಗಿದ್ದ ಸುಲೇಮಾನ್‌ಗೆ ಬರೀ 19 ವರ್ಷ. ಅವನ ವಿಷಯ ಓದುವಾಗೆಲ್ಲ ನನಗೆ ಸ್ವಲ್ಪವಾದರೂ ಸಮಾಧಾನ ಕೊಡುವುದು ಇದೊಂದೇ ಲೆಕ್ಕ.

ಈಗ ಗೂಡಿನ ಆಕಾರಕ್ಕೆ ಬರೋಣ. 1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ಟ್ರೀಯೆಸ್ಟ್ ಎಂಬ ವಾಹನದಲ್ಲಿ ಸಮುದ್ರದ ಅತ್ಯಂತ ಆಳದ ಜಾಗವಾದ ಪೆಸಿಫಿಕ್‌ನ ಚಾಲೆಂಜರ್ ಡೀಪ್‌ವರೆಗೆ, ಸುಮಾರು 10,900 ಮೀಟರ್ ಇಳಿದು ಬಂದರು. ಟೈಟನ್ ಕುಸಿದ ಆಳದ ಮೂರು ಪಟ್ಟಿಗೂ ಹೆಚ್ಚು, ಅದೂ 60 ವರ್ಷಕ್ಕಿಂತ ಹಿಂದೆ. ಇಳಿಯುವಾಗ ಹೊರಗಿನ ಒಂದು ಕಿಟಕಿ ಫಳ್ಳನೆ ಬಿರುಕು ಬಿಟ್ಟರೂ ಅವರು ಕೂತಿದ್ದ ಗೂಡು ಅಲುಗಲಿಲ್ಲ. ಅದು ಸುಮಾರು ಎರಡು ಮೀಟರ್ ಅಗಲದ ಉಕ್ಕಿನ ಗೋಳ, ಗೋಡೆಯ ದಪ್ಪ 12 ಸೆಂಟಿಮೀಟರಿಗೂ ಮೇಲೆ. ಅಮೆರಿಕದ ಆಲ್ವಿನ್ ವಾಹನ 1964ರಿಂದ ಇಲ್ಲಿಯವರೆಗೆ 5,000ಕ್ಕೂ ಹೆಚ್ಚು ಸಲ ಮುಳುಗಿ ಎದ್ದಿದೆ. ಅದರ ಗೂಡೂ ಗೋಳವೇ, ಈಗಿನದು ಟೈಟಾನಿಯಮ್. ಫ್ರಾನ್ಸಿನ ನಾಟೀಲ್ ಕೂಡ ಟೈಟಾನಿಯಮ್ ಗೋಳ. ಟೈಟನ್‌ನಲ್ಲಿ ತೀರಿಕೊಂಡ ಪಾಲ್-ಆನ್ರಿ ನಾರ್ಜೋಲೆ 1987ರಲ್ಲಿ ಟೈಟಾನಿಕ್‌ಗೆ ಹೋದದ್ದು ಈ ನಾಟೀಲ್‌ನಲ್ಲೇ.

ಗೋಳವೇ ಯಾಕೆ ಅಂದರೆ, ಅದರಲ್ಲಿ ಭಾರ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಅದೇ ಅಗಲ, ಅದೇ ದಪ್ಪದ ಸಿಲಿಂಡರ್ ಮಾಡಿದರೆ ಅದರ ಗೋಡೆಗೆ ಬೀಳುವ ಭಾರ ಗೋಳದ ಎರಡರಷ್ಟು. ಗೋಳದಲ್ಲಿರುವ ಕಷ್ಟ ಏನಂದರೆ ಜಾಗ ಕಡಿಮೆ, ಮೂರು ಜನ ಮಂಡಿ ಮಡಚಿಕೊಂಡು ಕೂತರೆ ತುಂಬಿಹೋಗುತ್ತದೆ. ಓಶನ್‌ಗೇಟ್ ಕಂಪನಿಗೆ ಒಂದೇ ಸಲ ಐದು ಜನ ಬೇಕಿತ್ತು, ಸೀಟಿಗೆ ಎರಡೂವರೆ ಲಕ್ಷ ಡಾಲರ್. ಹಾಗಾಗಿ ಸಿಲಿಂಡರ್ ಬಂತು. ಅಷ್ಟು ದೊಡ್ಡ ಸಿಲಿಂಡರನ್ನು ಲೋಹದಲ್ಲಿ ಮಾಡಿದರೆ ತೂಕ ಜಾಸ್ತಿ, ಅದನ್ನು ಎತ್ತಿ ಇಳಿಸಲು ದೊಡ್ಡ ಹಡಗು ಬೇಕು. ಹಾಗಾಗಿ ಕಾರ್ಬನ್ ಫೈಬರ್ ಬಂತು. ಐದು ಇಂಚು ದಪ್ಪದ ಕಾರ್ಬನ್ ಫೈಬರ್ ಕೊಳವೆ, ಎರಡೂ ತುದಿಗೆ ಅಂಟಿನಿಂದ ಕೂರಿಸಿದ ಟೈಟಾನಿಯಮ್ ಉಂಗುರ, ಅದಕ್ಕೆ ಟೈಟಾನಿಯಮ್ ಟೋಪಿ. ಕುಸಿದ ಆಳದಲ್ಲಿ ಆ ಒಂದೊಂದು ಟೋಪಿಯನ್ನೂ ಒಳಕ್ಕೆ ತಳ್ಳುತ್ತಿದ್ದ ಬಲ 7,000 ಟನ್‌ಗಿಂತ ಹೆಚ್ಚು. ಅದಷ್ಟೂ ಹೋಗಿ ಕೂರುತ್ತಿದ್ದುದು ಆ ಕೊಳವೆಯ ಅಂಚಿನ ಮೇಲೆ.

ಕಾರ್ಬನ್ ಫೈಬರ್ ಕೆಟ್ಟ ವಸ್ತು ಅಂತ ಹೇಳುತ್ತಿಲ್ಲ, ವಿಮಾನದಲ್ಲೂ ರಾಕೆಟ್‌ನಲ್ಲೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದು ಮೂಲದಲ್ಲಿ ಕೂದಲಿಗಿಂತ ಸಣ್ಣ ಎಳೆಗಳನ್ನು ಅಂಟಿನಲ್ಲಿ ಕೂಡಿಸಿ ಸುತ್ತಿದ್ದು. ಎಳೆಯನ್ನು ಜಗ್ಗಿದರೆ ಅದು ತುಂಬಾ ಗಟ್ಟಿ. ಉದ್ದಕ್ಕೆ ಅಮುಕಿದರೆ ಎಳೆ ಬಾಗಲು ನೋಡುತ್ತದೆ, ಆಗ ಅದನ್ನು ಹಿಡಿದು ನಿಲ್ಲಿಸುವುದು ನಡುವಿನ ಅಂಟು ಮಾತ್ರ. ಆಳದಲ್ಲಿ ಇರುವುದೆಲ್ಲ ಅಮುಕುವ ಬಲವೇ. ಒಳಗೆ ಎಲ್ಲೋ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ, ಪದರದಲ್ಲಿ ಸುಕ್ಕು ಇದ್ದರೆ, ಬಿಟ್ಟುಕೊಳ್ಳುವುದು ಅಲ್ಲಿಂದಲೇ ಶುರು. ಟೈಟನ್‌ನ ಕೊಳವೆಯನ್ನು ಒಂದೊಂದು ಇಂಚಿನ ಐದು ಪದರವಾಗಿ ಮಾಡಿದ್ದರು. ಸಮುದ್ರದಿಂದ ಎತ್ತಿ ತಂದ ಚೂರುಗಳನ್ನು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ನೋಡಿದಾಗ ಸುಕ್ಕು, ಗಾಳಿಗುಳ್ಳೆ, ಬಿಟ್ಟುಕೊಂಡ ಪದರಗಳು ಸಿಕ್ಕವು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು, ಯಾಕಂದರೆ ಈ ದುರಂತದ ಬೇರು ಇರುವುದೇ ಇಲ್ಲಿ. ಕೆಳಗೆ ಹೋಗಿ ಬರುವ ಪ್ರತಿ ಸಲವೂ ಗೂಡು ಹಿಂಡಿಕೊಂಡು ಮತ್ತೆ ಸಡಿಲವಾಗುತ್ತದೆ. ಒಂದೊಂದು ಸಲಕ್ಕೂ ಒಳಗೆ ಒಂದಿಷ್ಟು ಎಳೆ ಕಡಿಯಬಹುದು, ಅಂಟು ಸ್ವಲ್ಪ ಬಿಡಬಹುದು, ಹೊರಗೆ ಕಣ್ಣಿಗೆ ಏನೂ ಕಾಣುವುದಿಲ್ಲ. ಉಕ್ಕು, ಟೈಟಾನಿಯಮ್ ಎಷ್ಟು ಸಲ ಹೀಗೆ ತಡೆಯುತ್ತವೆ ಅನ್ನುವುದಕ್ಕೆ ದಶಕಗಳ ಲೆಕ್ಕ ಇದೆ. ಜನರನ್ನು ಕೂರಿಸಿಕೊಂಡು ಇಷ್ಟು ಆಳಕ್ಕೆ ಹೋಗುವ ದಪ್ಪ ಕಾರ್ಬನ್ ಫೈಬರ್ ಗೂಡಿಗೆ ಅಂಥ ಲೆಕ್ಕವೇ ಇರಲಿಲ್ಲ. ಹೋದ ಸಲ ಕ್ಷೇಮವಾಗಿ ಬಂದೆವು, ಅದರ ಹಿಂದಿನ ಸಲವೂ ಬಂದೆವು, ಹಾಗಾದರೆ ಇದು ಗಟ್ಟಿ ಅನ್ನುವುದು ಬೇರೆ ಎಷ್ಟೋ ಕಡೆ ನಡೆಯುವ ಮಾತು. ಇಲ್ಲಿ ನಡೆಯುವುದಿಲ್ಲ. ಹೋಗಿ ಬಂದ ಪ್ರತಿಯೊಂದು ಸಲವೂ ಗೂಡಿನ ಆಯುಷ್ಯದಿಂದ ಒಂದಿಷ್ಟನ್ನು ಕಳೆದಿರುತ್ತದೆ.

ಟೈಟನ್ ಸುಳಿವು ಕೊಡದೆ ಹೋಗಲಿಲ್ಲ. ಮೊದಲು ಮಾಡಿದ್ದ ಗೂಡಿನಲ್ಲಿ 2019ರಲ್ಲೇ ಬಿರುಕು ಕಂಡು ಅದನ್ನು ತೆಗೆದುಹಾಕಿ ಇನ್ನೊಂದು ಮಾಡಿಸಿದ್ದರು. ಆ ಎರಡನೆಯದರಲ್ಲಿ 2022ರ ಜುಲೈನಲ್ಲಿ ಟೈಟಾನಿಕ್ ನೋಡಿ ಮೇಲೆ ಬರುವಾಗ ಒಳಗಿದ್ದವರಿಗೆಲ್ಲ ಕೇಳುವ ಹಾಗೆ ದೊಡ್ಡ ಸದ್ದಾಯಿತು. ಗೂಡು ತನ್ನ ಚೌಕಟ್ಟಿನೊಳಗೆ ಸರಿದು ಕೂತಿದ್ದು ಅಷ್ಟೇ ಅಂತ ಹೇಳಿ ಮುಂದುವರಿದರು. ಆದರೆ ಗೋಡೆಗೆ ಅಂಟಿಸಿದ್ದ ಸೆನ್ಸರುಗಳು ಆ ದಿನದ ನಂತರ ಬೇರೆ ಥರ ಅಂಕಿ ಕೊಡಲು ಶುರು ಮಾಡಿದ್ದವು. ಅಂದರೆ ಭಾರ ಬಿದ್ದಾಗ ಗೋಡೆ ಮೊದಲಿನಂತೆ ವರ್ತಿಸುತ್ತಿರಲಿಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ತನಿಖೆಯ ಪ್ರಕಾರ ಪದರ ಬಿಟ್ಟುಕೊಂಡಿದ್ದು ಅವತ್ತೇ. ಆಮೇಲೆ ಚಳಿಗಾಲ ಪೂರ್ತಿ ಟೈಟನ್ ಕೆನಡಾದ ಸೇಂಟ್ ಜಾನ್ಸ್‌ನಲ್ಲಿ ಬಯಲಲ್ಲೇ ನಿಂತಿತ್ತು. ನೀರು ಹೆಪ್ಪುಗಟ್ಟುವ, ಮತ್ತೆ ಕರಗುವ ಹವೆ. ಬಿಟ್ಟುಕೊಂಡ ಪದರದ ಸಂದಿಗೆ ನೀರು ಸೇರಿದರೆ ಅಂಥ ಹವೆ ಏನು ಮಾಡುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕಂಪನಿ ಜಂಬದಿಂದ ಹೇಳುತ್ತಿದ್ದುದು ಸದ್ದು ಆಲಿಸುವ ವ್ಯವಸ್ಥೆಯ ಬಗ್ಗೆ. ಎಳೆ ಕಡಿಯುವ ಸದ್ದನ್ನು ಮೈಕ್ ಹಿಡಿಯುತ್ತದೆ, ಪೈಲಟ್‌ಗೆ ಮುನ್ಸೂಚನೆ ಸಿಗುತ್ತದೆ, ಮೇಲೆ ಬರಬಹುದು ಅಂತ. ಕಂಪನಿಯಲ್ಲೇ ಸಮುದ್ರ ಕಾರ್ಯಾಚರಣೆ ನೋಡಿಕೊಳ್ಳುತ್ತಿದ್ದ ಡೇವಿಡ್ ಲಾಕ್‌ರಿಜ್ 2018ರಲ್ಲೇ ಇದನ್ನು ಒಪ್ಪಲಿಲ್ಲ. ಆ ಮುನ್ಸೂಚನೆ ಸಿಗುವುದು ಕುಸಿಯುವ ಕೆಲವು ಮಿಲಿಸೆಕೆಂಡು ಮೊದಲು ಆಗಿರಬಹುದು, ಅದನ್ನಿಟ್ಟುಕೊಂಡು ಯಾರು ಏನು ಮಾಡಲು ಸಾಧ್ಯ? ಮುಂದಿನ ಅಕ್ರಿಲಿಕ್ ಕಿಟಕಿಗೆ ತಯಾರಕರು ಒಪ್ಪಿಗೆ ಕೊಟ್ಟಿರುವುದು 1,300 ಮೀಟರಿಗೆ ಮಾತ್ರ ಅಂತಲೂ ಅವರು ಹೇಳಿದ್ದರು. ಅವರನ್ನು ಕೆಲಸದಿಂದ ತೆಗೆದರು. ಅದೇ ವರ್ಷ ಮಾರ್ಚ್‌ನಲ್ಲಿ ಈ ಕ್ಷೇತ್ರದ ಹಲವು ಪರಿಣತರು ಸೇರಿ ರಶ್‌ಗೆ ಪತ್ರ ಬರೆದು, ಹೊರಗಿನ ಸಂಸ್ಥೆಯಿಂದ ಪರೀಕ್ಷೆ ಮಾಡಿಸಿ ಅಂತ ಕೇಳಿಕೊಂಡರು. ಮಾಡಿಸಲಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಕೋಸ್ಟ್ ಗಾರ್ಡ್ ವರದಿ ಇದನ್ನು ತಡೆಯಬಹುದಾಗಿದ್ದ ದುರಂತ ಎಂದು ನೇರವಾಗಿ ಬರೆಯಿತು. ಓದುತ್ತಾ ಹೋದರೆ ಹೊಟ್ಟೆ ಉರಿಯುತ್ತದೆ. ಯಾರೂ ಹೇಳದೆ ಇದ್ದದ್ದಲ್ಲ, ಹೇಳಿದವರ ಮಾತು ಕೇಳಲಿಲ್ಲ.

ಒಳಕ್ಕೆ ಕುಸಿಯುವುದು ಪ್ರವಾಸಿ ವಾಹನಗಳಿಗೆ ಮಾತ್ರ ಬಂದ ಗಂಡಾಂತರವೂ ಅಲ್ಲ. ಅಮೆರಿಕದ ನೌಕಾಪಡೆಯ ಥ್ರೆಶರ್ ಜಲಾಂತರ್ಗಾಮಿ 1963ರ ಏಪ್ರಿಲ್ 10ರಂದು 129 ಜನರ ಸಮೇತ ಹೋಯಿತು. ಅರ್ಜೆಂಟೀನಾದ ಸಾನ್ ಹುವಾನ್ 2017ರಲ್ಲಿ 44 ಜನರ ಜೊತೆ, ಇಂಡೋನೇಷ್ಯಾದ ನಂಗ್ಗಾಲಾ 2021ರಲ್ಲಿ 53 ಜನರ ಜೊತೆ. ಯುದ್ಧದ ಜಲಾಂತರ್ಗಾಮಿಗಳು ಇಳಿಯುವುದೇ ಕೆಲವು ನೂರು ಮೀಟರ್. ಕೆಟ್ಟದ್ದು ಮೊದಲು ಬೇರೇನೋ ಇರುತ್ತದೆ, ಪೈಪು, ಬ್ಯಾಟರಿ, ಇಂಜಿನ್. ಮೇಲೆ ಬರುವ ಶಕ್ತಿ ಇಲ್ಲದೆ ಅದು ತನ್ನ ಮಿತಿಗಿಂತ ಕೆಳಕ್ಕೆ ಜಾರುತ್ತದೆ, ಕೊನೆಗೆ ಮುಗಿಸುವುದು ಒತ್ತಡ. ಆಗ ಹುಟ್ಟುವ ಸದ್ದು ಎಂಥದ್ದೆಂದರೆ, ಸಾನ್ ಹುವಾನ್ ಕುಸಿದ ಸದ್ದನ್ನು ಅಣುಬಾಂಬ್ ಪರೀಕ್ಷೆ ಪತ್ತೆಹಚ್ಚಲು ಸಾವಿರಾರು ಕಿಲೋಮೀಟರ್ ದೂರದಲ್ಲಿ ಇಟ್ಟಿದ್ದ ಮೈಕ್‌ಗಳು ಹಿಡಿದಿದ್ದವು. ಟೈಟನ್‌ನದ್ದನ್ನೂ ಅಮೆರಿಕದ ನೌಕಾಪಡೆಯ ಮೈಕ್‌ಗಳು ಅವತ್ತೇ ಹಿಡಿದಿದ್ದವು. ಥ್ರೆಶರ್ ಹೋದ ಮೇಲೆ ಅಮೆರಿಕ ಸಬ್‌ಸೇಫ್ ಎಂಬ ಕಟ್ಟುನಿಟ್ಟಿನ ಪದ್ಧತಿ ತಂದಿತು, ನೀರು ಒಳಗೆ ಬರುವುದನ್ನು ತಡೆಯುವ ಪ್ರತಿ ವೆಲ್ಡ್, ಪ್ರತಿ ವಾಲ್ವ್‌ಗೂ ದಾಖಲೆ ಇರಬೇಕು ಅಂತ. ಆ ಪ್ರಮಾಣಪತ್ರ ಪಡೆದ ಒಂದೇ ಒಂದು ಜಲಾಂತರ್ಗಾಮಿಯೂ ಇಲ್ಲಿಯವರೆಗೆ ಕಳೆದುಹೋಗಿಲ್ಲ.

ಒಂದು ಕುಸಿತ ಪಕ್ಕದ್ದನ್ನೂ ಕೆಡವಬಲ್ಲದು ಅನ್ನುವುದಕ್ಕೆ ಜಪಾನಿನ ಸೂಪರ್ ಕಾಮಿಯೊಕಾಂಡೆ ಪ್ರಯೋಗಾಲಯದಲ್ಲಿ ನಡೆದದ್ದನ್ನು ನೋಡಬೇಕು. ಅದು ನೆಲದಡಿಯ ನೀರಿನ ತೊಟ್ಟಿ, ಎತ್ತರ 40 ಮೀಟರ್ ಚಿಲ್ಲರೆ, ಒಳಗೋಡೆ ತುಂಬಾ ಬೆಳಕು ಹಿಡಿಯುವ, ಒಳಗೆ ಗಾಳಿ ಇಲ್ಲದ, ಬಲ್ಬಿನಂಥ ದೊಡ್ಡ ದೊಡ್ಡ ಗಾಜಿನ ಬುರುಡೆಗಳು. 2001ರ ನವೆಂಬರ್‌ನಲ್ಲಿ ತೊಟ್ಟಿಗೆ ನೀರು ತುಂಬಿಸುತ್ತಿದ್ದಾಗ ತಳದಲ್ಲಿ ಒಂದು ಬುರುಡೆ ಒಳಕ್ಕೆ ಒಡೆಯಿತು. ಅದರ ಆಘಾತದ ಅಲೆ ಪಕ್ಕದ್ದಕ್ಕೆ ಬಡಿಯಿತು, ಅದು ಒಡೆದು ಅದರ ಪಕ್ಕದ್ದಕ್ಕೆ. ಕೆಲವೇ ಸೆಕೆಂಡಿನಲ್ಲಿ 6,000ಕ್ಕೂ ಹೆಚ್ಚು ಬುರುಡೆಗಳು ಹೋದವು. ಅಲ್ಲಿದ್ದದ್ದು ಬರೀ ಮೂರ್ನಾಲ್ಕು ವಾತಾವರಣದ ಒತ್ತಡ, ಟೈಟನ್ ಮೇಲಿದ್ದುದರ ನೂರರಲ್ಲಿ ಒಂದು ಪಾಲು.

ನಮ್ಮ ದೇಶವೂ ಈಗ ಆಳಕ್ಕೆ ಜನರನ್ನು ಕಳಿಸಲು ಹೊರಟಿದೆ, ಹಾಗಾಗಿ ಇದೆಲ್ಲ ದೂರದ ಕಥೆಯಲ್ಲ. ಸಮುದ್ರಯಾನ ಯೋಜನೆಯಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮತ್ಸ್ಯ 6000 ಎಂಬ ವಾಹನ ಕಟ್ಟುತ್ತಿದೆ. ಮೂರು ಜನ, 6,000 ಮೀಟರ್ ಆಳ, ಅಂದರೆ ಒಂದು ಉಗುರಿನಷ್ಟು ಜಾಗಕ್ಕೆ 600 ಕಿಲೋ. ಗೂಡು ಗೋಳಾಕಾರದ್ದು, 80 ಮಿಲಿಮೀಟರ್ ದಪ್ಪದ ಟೈಟಾನಿಯಮ್ ಮಿಶ್ರಲೋಹ, ತಯಾರಿಕೆಗೆ ಇಸ್ರೋದ ವಿಕ್ರಮ್ ಸಾರಾಭಾಯ್ ಕೇಂದ್ರ ಕೈ ಜೋಡಿಸಿದೆ. ಟೈಟಾನಿಯಮ್‌ಗೆ ಹೋಗುವ ಮೊದಲು ಉಕ್ಕಿನ ಗೋಳವೊಂದನ್ನು ಮಾಡಿ 2021ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಕೆಲವು ನೂರು ಮೀಟರ್ ಇಳಿಸಿ ನೋಡಿದರು. 2025ರ ಆರಂಭದಲ್ಲಿ ಚೆನ್ನೈ ಹತ್ತಿರದ ಕಾಟ್ಟುಪಳ್ಳಿ ಬಂದರಿನ ನೀರಿನಲ್ಲಿ ವಾಹನದ ಪರೀಕ್ಷೆಗಳು ನಡೆದವು. ಅದೇ ಆಗಸ್ಟ್‌ನಲ್ಲಿ ನಮ್ಮ ಇಬ್ಬರು ಅಭ್ಯಾಸಕ್ಕಾಗಿ ಫ್ರಾನ್ಸಿನ ನಾಟೀಲ್‌ನಲ್ಲಿ ಅಟ್ಲಾಂಟಿಕ್‌ಗೆ ಇಳಿದರು, ಒಬ್ಬರು 4,000 ಮೀಟರ್ ದಾಟಿ, ಇನ್ನೊಬ್ಬರು 5,002 ಮೀಟರಿನವರೆಗೆ. ಯೋಜನೆ ತಡವಾಗುತ್ತಿದೆ ಅಂತ ಆಗಾಗ ಗೊಣಗಾಟ ಕೇಳುತ್ತದೆ. ಬಂದರಿನಲ್ಲಿ ಮೊದಲು, ಆಮೇಲೆ ಕಡಿಮೆ ಆಳ, ಆಮೇಲೆ ಇನ್ನೂ ಆಳ, ಪ್ರತಿ ಹಂತದಲ್ಲೂ ಎತ್ತಿ ತಂದು ಬಿಚ್ಚಿ ನೋಡುವುದು, ಒಂದು ಅಂಕಿ ಹೊಂದದಿದ್ದರೂ ನಿಲ್ಲಿಸುವುದು. ಈ ಕೆಲಸ ಹಾಗೇ ಆಗಬೇಕು. ವರ್ಷ ಎರಡಾದರೂ ಆಗಲಿ, ಮೂರಾದರೂ ಆಗಲಿ.